ಬಾವಿಯ ಸಾಲ, ಪಂಪ್‌ಸೆಟ್ಟಿನ ಸಾಲ

ಹೋದ ಮಂಗಳವಾರ ಮನೆಗೆ ಬರುವಾಗ ನಮ್ಮ ಸರ್ಕಲ್ಲಿನಲ್ಲಿ ಕೇಸರಿ ಕೋನ್‌ಗಳನ್ನಿಟ್ಟು ಸಿಗ್ನಲ್ ಪೆಟ್ಟಿಗೆ ಬದಲಾಯಿಸುತ್ತಿದ್ದರು. ಇಲ್ಲಿಯವರು ಅದನ್ನು ಇಂಟರ್‌ಸೆಕ್ಷನ್ ಅಂತಾರೆ. ನಾಲ್ಕು ರಸ್ತೆ ಸೇರಿದ ಕಡೆಯೆಲ್ಲ ನನ್ನ ಬಾಯಿಗೆ ಇವತ್ತಿಗೂ ಸರ್ಕಲ್ಲೇ ಬರುತ್ತದೆ. ಕ್ಯಾಲಿಫೋರ್ನಿಯಾದ ಈ ಚಿಕ್ಕ ಊರಿನಲ್ಲಿ ನಾನು ನಕ್ಷೆ ಬರೆದ ಮೊದಲ ಸರ್ಕಲ್ಲು ಅದು. ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ನೋಡುತ್ತಾ ನಿಂತೆ. ಪೆಟ್ಟಿಗೆಯ ಆಯುಷ್ಯ ಮುಗಿದಿದೆ. ಅದನ್ನು ಕೊಂಡ ಸಾಲ ಇನ್ನೂ ತೀರಿಲ್ಲ.

ಆ ಸಾಲಕ್ಕೆ ಪ್ರಾಪೊಸಿಷನ್ 1ಬಿ ಅಂತ ಹೆಸರು. 2006ರ ನವೆಂಬರ್ 7ರಂದು ಇಲ್ಲಿನ ಮತದಾರರು ಒಪ್ಪಿದ್ದು, ರಸ್ತೆ, ಸಾರಿಗೆಯ ಕೆಲಸಕ್ಕೆ ರಾಜ್ಯ ಎತ್ತುವ 1,992.5 ಕೋಟಿ ಡಾಲರಿನ ಬಾಂಡ್, ಅಂದರೆ ಸಾಲಪತ್ರ. ವರ್ಷಕ್ಕೆ ಶೇಕಡಾ 5ರ ಬಡ್ಡಿಯ ಲೆಕ್ಕದಲ್ಲಿ 30 ವರ್ಷಕ್ಕೆ ಅಸಲು ಬಡ್ಡಿ ಸೇರಿ ಸುಮಾರು 3,890 ಕೋಟಿ ಆಗುತ್ತದೆ ಎಂದು ಮತದಾರರ ಕೈಗೆ ಬಂದ ಪುಸ್ತಕದಲ್ಲೇ ಅಚ್ಚಾಗಿತ್ತು. ಅಂದರೆ ಒಂದಕ್ಕೆ ಎರಡು. ಗುಟ್ಟೇನೂ ಇರಲಿಲ್ಲ, ಜನ ತಿಳಿದೇ ಒಪ್ಪಿದರು. ಆಮೇಲೆ ಲಾರಿಗಳ ತೂಕದ ಮೇಲಿನ ಶುಲ್ಕವನ್ನೂ ಸಾರಿಗೆ ಬಾಂಡುಗಳ ಕಂತಿಗೆ ತಿರುಗಿಸಿದರು. ರಸ್ತೆ ಸವೆಸುವ ಲಾರಿಯ ದುಡ್ಡು ರಸ್ತೆಯ ಹಳೇ ಸಾಲಕ್ಕೆ ಹೋಗುತ್ತದೆ. ಇದು ನನಗೆ ಒಪ್ಪಿಗೆಯಿಲ್ಲ. ಹೊಸ ಗುಂಡಿ ಮುಚ್ಚುವವರು ಯಾರು?

ಆದರೆ ಆ ಬಾಂಡಿಲ್ಲದಿದ್ದರೆ ನಮ್ಮಂಥ ಊರಿಗೆ ಏನೂ ಸಿಗುತ್ತಿರಲಿಲ್ಲ. ಅದರಲ್ಲಿ 100 ಕೋಟಿ ಡಾಲರ್ ರಾಜ್ಯ ಮತ್ತು ಸ್ಥಳೀಯ ಪಾಲುದಾರಿಕೆಗೆ ಮೀಸಲು. ನೀವು ಒಂದು ಡಾಲರ್ ಹಾಕಿದರೆ ರಾಜ್ಯ ಒಂದು ಡಾಲರ್ ಹಾಕುತ್ತಿತ್ತು. ಅದರ ಶೇಕಡಾ 95 ಪಾಲು, ರಸ್ತೆಗೆಂದೇ ಮತ ಹಾಕಿ ತೆರಿಗೆ ಒಪ್ಪಿಕೊಂಡ ಕೌಂಟಿಗಳಂಥವರಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಉಳಿದ 5ಕ್ಕೆ ನಮ್ಮಂಥವರ ಪೈಪೋಟಿ: ಹೊಸ ಮನೆ ಕಟ್ಟುವವರಿಂದ ಸಂಚಾರ ಶುಲ್ಕ ವಸೂಲಿ ಮಾಡುವ ಊರುಗಳು. ಒಂದು ಯೋಜನೆಗೆ 10 ಲಕ್ಷ ಡಾಲರಿಗಿಂತ ಹೆಚ್ಚು ಕೊಡುತ್ತಿರಲಿಲ್ಲ. ಒಂದು ಸರ್ಕಲ್ಲಿಗೆ ಹೇಳಿ ಮಾಡಿಸಿದ ಮೊತ್ತ.

ನಮ್ಮ ಗ್ರಹಚಾರ, ನಾವು ಅರ್ಜಿ ಬರೆಯುವ ಹೊತ್ತಿಗೆ ಮನೆ ಕಟ್ಟುವವರೇ ಇರಲಿಲ್ಲ. 2008ರಲ್ಲಿ ಎಲ್ಲ ಕುಸಿದಿತ್ತು. ಶುಲ್ಕ ಬರದಿದ್ದರೆ ನಮ್ಮ ಪಾಲಿನ ಡಾಲರ್ ಎಲ್ಲಿಂದ ತರೋಣ? ಅದೇ ಡಿಸೆಂಬರಿನಲ್ಲಿ ರಾಜ್ಯದ ಖಜಾನೆ ಬರಿದಾಗಿ ಬಾಂಡಿನ ಕಾಮಗಾರಿಗಳಿಗೆಲ್ಲ ದುಡ್ಡು ಬಿಡುವುದನ್ನೇ ನಿಲ್ಲಿಸಿದರು. ಮರುವರ್ಷ ಮತ್ತೆ ಬಾಂಡ್ ಮಾರುವವರೆಗೆ ಎಷ್ಟೋ ಕೆಲಸಗಳು ಅರ್ಧಕ್ಕೇ ನಿಂತಿದ್ದವು. ನಾವು ಹಳೆ ಶುಲ್ಕದ ಉಳಿತಾಯ ಗುಡಿಸಿ ಗುಡಿಸಿ ನಮ್ಮ ಪಾಲು ಹೊಂದಿಸಿದೆವು. ಹೊಂದಿಸಿದ ಮೇಲೂ ಬೇಕೆಂದ ಎಲ್ಲಕ್ಕೂ ಸಾಲದು ಎಂದಾಯಿತು. ಏನು ಕೈಬಿಡುವುದು ಎಂಬ ಜಗಳ ಶುರುವಾದದ್ದೇ ಅಲ್ಲಿ.

ಇಲ್ಲಿ ಗಾಡಿಗಳು ರಸ್ತೆಯ ಬಲಬದಿಗೆ ಓಡುವುದರಿಂದ, ಎದುರಿನವರನ್ನು ಹಾದು ಎಡಕ್ಕೆ ತಿರುಗುವ ಕಾರುಗಳಿಗೆ ಬೇರೆ ಲೇನ್ ಕೊಡುವುದು ಮುಖ್ಯ ಕೆಲಸ. ಲೇನ್ ಸೇರಿಸಿದರೆ ರಸ್ತೆ ಅಗಲವಾಗುತ್ತದೆ, ಅಗಲವಾದಷ್ಟೂ ದಾಟುವವರ ಪಾಡು ಕಷ್ಟ. ನಮ್ಮದು 84 ಅಡಿ ಆಗುತ್ತಿತ್ತು. ಹಳೆಯ ನಿಯಮದಲ್ಲಿ ಸೆಕೆಂಡಿಗೆ 4 ಅಡಿ ನಡಿಗೆಯ ಲೆಕ್ಕ, 21 ಸೆಕೆಂಡ್ ಸಾಕು. 2009ರಲ್ಲಿ ದೇಶದ ಸಿಗ್ನಲ್ ನಿಯಮಗಳ ಕೈಪಿಡಿ ಅದನ್ನು 3.5 ಅಡಿಗೆ ಇಳಿಸಿತು, 24 ಸೆಕೆಂಡ್ ಆಯಿತು. ವಯಸ್ಸಾದವರು ಓಡಾಡುವ ಕಡೆ ಇಲ್ಲಿ 2.8 ಅಡಿಯ ಲೆಕ್ಕ ಹಿಡಿಯುತ್ತಾರೆ. ಆಗ ಬರೋಬ್ಬರಿ 30 ಸೆಕೆಂಡ್.

ಆ ಬೇಸಿಗೆಯಲ್ಲಿ ಅಮ್ಮ ಬಂದಿದ್ದಳು. ಮಂಡಿ ನೋವು, ಸೀರೆ, ಮೇಲೆ ಮಗನ ದೊಡ್ಡ ಶೂ. ಒಂದು ಸಂಜೆ ಅದೇ ಸರ್ಕಲ್ ದಾಟುವಾಗ, ಸಮಯ ಮುಗಿಯುತ್ತಿದೆ ಎನ್ನುವ ಸಿಗ್ನಲ್ಲಿನ ಕೆಂಪು ಕೈ ಮಿನುಗತೊಡಗಿತು. ಅವಳು ನಡುರಸ್ತೆಯಲ್ಲಿ ನಿಂತುಬಿಟ್ಟಳು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನನ್ನ ಮುಂಗೈ ಹಿಡಿದ ಅವಳ ಬೆರಳು ತಣ್ಣಗಿದ್ದವು. ಮರುದಿನ ಆಫೀಸಿಗೆ ಹೋಗಿ ನಕ್ಷೆ ತೆಗೆದು ನಡುವೆ ಆರು ಅಡಿ ಅಗಲದ ಒಂದು ದಿಬ್ಬ ಬರೆದೆ. ಅರ್ಧ ದಾಟಿ ನಿಲ್ಲಲು ಜಾಗ, ಅಲ್ಲೇ ಒತ್ತಲು ಗುಂಡಿ. ಅದಕ್ಕೆ ಮೂಲೆಯ ಖಾಲಿ ನಿವೇಶನದಿಂದ ಒಂದು ಪಟ್ಟಿ ನೆಲ ಕೊಳ್ಳಬೇಕಿತ್ತು, ಒಂದು ವಿದ್ಯುತ್ ಕಂಬ ಸರಿಸಬೇಕಿತ್ತು. ನೆಲ ಕೊಳ್ಳುವುದೆಂದರೆ ತಿಂಗಳುಗಟ್ಟಲೆ ಕಾಗದ. "ನೆಲ ಬಿಡಿ, ಕ್ಯಾಮೆರಾ ಇರುವ ಹೊಸ ಸಿಗ್ನಲ್ ತನ್ನಿ, ಚೆಂದದ ಕಂಬ ಹಾಕಿ, ಜನಕ್ಕೆ ಕಾಣಿಸುತ್ತದೆ" ಎಂದರು ಕೆಲವರು.

ನನಗೆ ಅಪ್ಪ ನೆನಪಾದರು. ಶಿರಾ ಕಡೆಯ ನಮ್ಮ ಹೊಲದಲ್ಲಿ ಭೂ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಬಾವಿ ತೋಡಿಸಿ, ಪಂಪ್‌ಸೆಟ್ ಕೂರಿಸಿದ್ದರು. ಸಾಲ ತೀರುವುದರೊಳಗೆ ಮೋಟಾರು ಎರಡು ಸಲ ಸುಟ್ಟಿತು. "ಬಾವಿಗೆ ಮಾಡಿದ ಸಾಲ ಬಾವಿಯಲ್ಲಿದೆ. ಮೋಟಾರಿಗೆ ಮಾಡಿದ ಸಾಲ ಹೊಗೆಯಲ್ಲಿ ಹೋಯಿತು" ಎನ್ನುತ್ತಿದ್ದರು. ಸಭೆಯಲ್ಲಿ ಇದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಮೂವತ್ತು ವರ್ಷದ ಸಾಲ ತೆಗೆದು ಹದಿನೈದು ವರ್ಷ ಬಾಳುವ ವಸ್ತು ಕೊಳ್ಳಬಾರದು. ನೆಲ, ಕಾಂಕ್ರೀಟ್ ಅಂಚು, ನೆಲದೊಳಗಿನ ಪೈಪು, ಗಾಲಿಕುರ್ಚಿ ಇಳಿಯುವ ಇಳಿಜಾರು, ಇವು ಮೊದಲು. ದೀಪ, ಕ್ಯಾಮೆರಾ ಆಮೇಲೆ, ಅದೂ ಆಯಾ ವರ್ಷದ ಹಣದಲ್ಲಿ.

ಇದೇ ಬಾಂಡಿನಲ್ಲಿ ಸಿಗ್ನಲ್‌ಗಳನ್ನು ಒಂದಕ್ಕೊಂದು ಹೊಂದಿಸಲು 25 ಕೋಟಿ ಡಾಲರ್ ಇತ್ತು. ಅದರಲ್ಲಿ 15 ಕೋಟಿ ಲಾಸ್ ಏಂಜಲೀಸ್ ಒಂದಕ್ಕೇ. 2013ರಲ್ಲಿ ಆ ನಗರ ತನ್ನ ಸುಮಾರು 4,400 ಸಿಗ್ನಲ್‌ಗಳನ್ನೂ ಒಂದೇ ಜಾಲಕ್ಕೆ ತಂದಿತು. ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೂ ಆ ಪೆಟ್ಟಿಗೆಗಳು ಹಳತಾಗುವಾಗ ಸಾಲದ ಎಷ್ಟು ಕಂತು ಉಳಿದಿರುತ್ತವೆ ಎಂಬ ಲೆಕ್ಕ ನನ್ನನ್ನು ಬಿಡುವುದಿಲ್ಲ.

ನಮ್ಮಲ್ಲಿ ನೆಲ ಉಳಿಯಿತು. ಚೆಂದದ ಕಂಬ ಹೋಯಿತು, ಕ್ಯಾಮೆರಾವೂ ಹೋಯಿತು, ಕಾರು ಬಂದದ್ದು ಸಿಗ್ನಲ್ಲಿಗೆ ತಿಳಿಯಲು ಅದರ ಬದಲು ಟಾರಿನೊಳಗೆ ತಂತಿಯ ಸುರುಳಿ ಹಾಕಿದೆವು. ಹಿಂಜರಿತದ ಕಾಲವಾದ್ದರಿಂದ ಟೆಂಡರ್ ಅಂದಾಜಿಗಿಂತ ಕಡಿಮೆಗೆ ಬಂತು. ಉಳಿದ ದುಡ್ಡಿನಲ್ಲಿ ನಾಲ್ಕೂ ಮೂಲೆಗೆ ಒಂದೊಂದು ಖಾಲಿ ಪೈಪು ಹೆಚ್ಚಿಗೆ ಹುಗಿಸಿದೆ. ಯಾಕೆ ಅಂತ ಆಗ ಯಾರೂ ಕೇಳಲಿಲ್ಲ.

ಮಂಗಳವಾರ ಹೊಸ ಪೆಟ್ಟಿಗೆಗೆ ಕೇಬಲ್ ಎಳೆಯುತ್ತಿದ್ದ ಹುಡುಗ ಮೂಲೆಯ ಮುಚ್ಚಳ ತೆಗೆದ. ಖಾಲಿ ಪೈಪಿನೊಳಗೆ ಅಂದು ಬಿಟ್ಟಿದ್ದ ನೈಲಾನ್ ಹಗ್ಗ ಹಾಗೇ ಇತ್ತು. ಅದಕ್ಕೇ ಕೇಬಲ್ಲಿನ ತುದಿ ಕಟ್ಟಿ, ಆಚೆ ಮೂಲೆಯವನಿಗೆ ಎಳೆಯಲು ಕೂಗಿ ಹೇಳಿದ. ರಸ್ತೆ ಅಗೆಯಬೇಕಾಗಲಿಲ್ಲ.