ಒಂದೇ ಗೂಡಿನ ಇರುವೆಗೆ ಎರಡು ಹೆಸರು ಬರೆದ ಕತೆ

ಮಂಗಳೂರಿನ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಲ್ಲಿ ನನ್ನ ಕೆಲಸ. ಇರುವೆ ಹಿಡಿದು ತರುವುದು, ಪಿನ್ ಮಾಡುವುದು, ಲೇಬಲ್ ಬರೆಯುವುದು. ಸೇರಿದ ಹೊಸತರಲ್ಲಿ ನಾನು ಮಾಡಿದ ಎಡವಟ್ಟು ಇದು.

ಕ್ಯಾಂಪಸ್ಸಿನ ಹಲಸಿನ ಮರದ ಬುಡದಲ್ಲಿ ಕಟ್ಟಿರುವೆ ಗೂಡಿತ್ತು, ಸಕ್ಕರೆ ಡಬ್ಬಕ್ಕೂ ಬರುತ್ತದಲ್ವಾ, ಆ ದೊಡ್ಡ ಕಪ್ಪು ಇರುವೆ. 24 ಹಿಡಿದೆ. ಕೆಲವಕ್ಕೆ ದಪ್ಪ ತಲೆ, ಕೆಲವು ಸಪೂರ. ಎರಡು ಜಾತಿ ಒಟ್ಟಿಗೆ ಓಡಾಡ್ತಾ ಇವೆ ಅಂದುಕೊಂಡು ದಪ್ಪದವನ್ನು ಒಂದು ಬಾಟಲಿಗೆ, ಸಪೂರದವನ್ನು ಇನ್ನೊಂದಕ್ಕೆ ಹಾಕಿ 70 ಶೇಕಡಾ ಆಲ್ಕೋಹಾಲ್ ತುಂಬಿಸಿದೆ. ಎರಡಕ್ಕೂ ಬೇರೆ ಬೇರೆ ನಂಬರ್. ಆಮೇಲೆ ತ್ರಿಕೋನ ಕಾರ್ಡಿನ ತುದಿಗೆ ಸೂಜಿಮೊನೆಯಷ್ಟು ಗಮ್ ಹಚ್ಚಿ, ನಡುಗಾಲು ಹಿಂಗಾಲುಗಳ ಮಧ್ಯೆ ಎದೆಯ ಅಡಿಗೆ ಅಂಟಿಸಿ, ಎಷ್ಟು ಚಂದ ಆಯ್ತು ಅಂತ ನಾನೇ ಮೆಚ್ಚಿಕೊಂಡೆ.

ಮೇಡಂ ಮೈಕ್ರೋಸ್ಕೋಪಲ್ಲಿ ನೋಡಿ ಕೇಳಿದರು: "ಎಂತ ಮಾರಾಯ, ಒಂದೇ ಮನೆಯವರನ್ನು ಎರಡು ಮನೆ ಮಾಡಿದ್ದೀಯಲ್ಲ?"

ಎರಡೂ ಕ್ಯಾಂಪೊನೋಟಸ್ ಕಂಪ್ರೆಸಸ್ ಅನ್ನುವ ಒಂದೇ ಜಾತಿ. ಕ್ಯಾಂಪೊನೋಟಸ್ ಅನ್ನುವುದು ಕುಲದ ಹೆಸರು, ಈ ಕುಲದಲ್ಲಿ ಒಂದೇ ಗೂಡಿನ ಕೆಲಸಗಾರ ಇರುವೆಗಳೇ ಸಣ್ಣದರಿಂದ ದೊಡ್ಡದರವರೆಗೆ ನಾನಾ ಅಳತೆಯಲ್ಲಿ ಇರುತ್ತವೆ, ತಲೆಯ ಆಕಾರವೂ ಬದಲಾಗುತ್ತದೆ. ಅಳತೆ ನೋಡಿ ಜಾತಿ ಹೇಳಿದರೆ ತಪ್ಪುವುದೇ.

ಹಾಗಾದರೆ ಎಲ್ಲಿ ನೋಡಬೇಕು? ಅವರು ತಲೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಬಾಯಿಯ ಮೇಲೆ ತಗಡಿನಂಥ ಒಂದು ಭಾಗ ಇದೆ, ಕ್ಲೈಪಿಯಸ್ ಅಂತಾರೆ. ಮೀಸೆಯ ಬುಡ ಅದರ ಹಿಂದಿನ ಅಂಚಿಗೆ ತಾಗಿಕೊಂಡಿರಲಿಲ್ಲ, ನಡುವೆ ಸ್ಪಷ್ಟವಾದ ಜಾಗ ಇತ್ತು. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಆ ಜಾಗ ಮರೆಯುವ ಹಾಗೇ ಇಲ್ಲ. ಮೀಸೆಯಲ್ಲಿ 12 ಗೆಣ್ಣು. ಸೊಂಟದಲ್ಲಿ ಒಂದೇ ಗಂಟು. ಹೊಟ್ಟೆಯ ತುದಿಯಲ್ಲಿ ಕೊಂಡಿ ಇಲ್ಲ, ಕೂದಲು ಸುತ್ತಿದ ದುಂಡು ತೂತು, ಫಾರ್ಮಿಕ್ ಆಮ್ಲ ಹಾರಿಸುವುದು ಅಲ್ಲಿಂದಲೇ. ಬೇರೆ ಎಷ್ಟೋ ಇರುವೆಗಳಲ್ಲಿ ಹಿಂಗಾಲಿನ ಬುಡದ ಮೇಲೆ ಕಾಣುವ ಗ್ರಂಥಿಯ ಬಾಯಿ ಇವುಗಳಲ್ಲಿ ಹೆಚ್ಚಿನವಕ್ಕೆ ಇಲ್ಲ. ಬದಿಯಿಂದ ನೋಡಿದರೆ ಬೆನ್ನು ಕಮಾನಿನ ಹಾಗೆ. 1861ರಲ್ಲಿ ಕೀಟಶಾಸ್ತ್ರಜ್ಞ ಗುಸ್ತಾವ್ ಮೇಯರ್ ಈ ಕುಲಕ್ಕೆ ಇಟ್ಟ ಹೆಸರಲ್ಲೂ ಬಾಗು ಮತ್ತು ಬೆನ್ನು ಅನ್ನುವ ಗ್ರೀಕ್ ಪದಗಳೇ ಇವೆ. ಆದರೆ ಬೆನ್ನಿನ ಗೆರೆಯನ್ನೇ ನಂಬಿ ಕೂರಬಾರದು, 1000ಕ್ಕಿಂತ ಹೆಚ್ಚು ಜಾತಿ ಇರುವ ಕುಲ ಇದು, ಬೆನ್ನಲ್ಲಿ ತಗ್ಗು ಇರುವವೂ ಸಿಗುತ್ತವೆ.

ನಾನು ಮತ್ತೆ ಜಾರಿದ್ದು ಪಾಲಿರಾಕಿಸ್ ಅನ್ನುವ ಇನ್ನೊಂದು ಇರುವೆ ಕುಲದಲ್ಲಿ. ಇದರಲ್ಲೂ ಮೀಸೆಯ ಬುಡ ದೂರವೇ, ಎರಡೂ ಒಂದೇ ಬುಡಕಟ್ಟಿನವು, ಅಂದರೆ ಹತ್ತಿರದ ಕುಲಗಳ ಒಂದೇ ಗುಂಪಿನವು. ಮೈಮೇಲೆ ಮುಳ್ಳಿದ್ದರೆ ಪಾಲಿರಾಕಿಸ್ ಅಂತ ಬಾಯಿಪಾಠ ಮಾಡಿದ್ದೆ, ಮುಳ್ಳು ತೀರಾ ಗಿಡ್ಡ ಇರುವುದು ಬಂದಾಗ ಸಿಕ್ಕಿಬಿದ್ದೆ. ಆಗ ಹೊಟ್ಟೆಯನ್ನು ಮೇಲಿಂದ ನೋಡಬೇಕು. ಪಾಲಿರಾಕಿಸ್‌ನಲ್ಲಿ ಮೊದಲ ಪಟ್ಟಿಯೇ ಅರ್ಧ ಹೊಟ್ಟೆ ಮುಚ್ಚುವಷ್ಟು ದೊಡ್ಡದು, ಕ್ಯಾಂಪೊನೋಟಸ್‌ನಲ್ಲಿ ಅಷ್ಟಿಲ್ಲ.

ಹಳೆ ಪೆಟ್ಟಿಗೆಯ ಲೇಬಲ್ಲುಗಳನ್ನೂ ಸುಮ್ನೆ ನಕಲು ಮಾಡುವ ಹಾಗಿಲ್ಲ. ಬಾಗಿಲಿಗೆ ಬಿರಡೆ ಹಾಕಿದ ಹಾಗೆ ತಲೆಯಿಂದಲೇ ಗೂಡಿನ ತೂತು ಮುಚ್ಚುವ ಕೊಲೊಬಾಪ್ಸಿಸ್ ಇರುವೆಗಳ ಗುಂಪು ಮೊದಲು ಕ್ಯಾಂಪೊನೋಟಸ್ ಒಳಗೇ ಇತ್ತು, 2016ರಲ್ಲಿ ಬೇರೆ ಕುಲ ಆಯಿತು.

ಹೆಸರು ತಪ್ಪಿದ್ದಕ್ಕೆ ಮೇಡಂ ಬೈಯಲಿಲ್ಲ, ಹೆಸರು ಯಾವಾಗ ಬೇಕಾದರೂ ತಿದ್ದಬಹುದು. ಬೈದದ್ದು ಗೂಡು ಒಡೆದದ್ದಕ್ಕೆ. ಎರಡು ಬಾಟಲಿ, ಎರಡು ನಂಬರ್ ಮಾಡಿದ ಮೇಲೆ ಇವೆಲ್ಲ ಒಂದೇ ಗೂಡಿನವು ಅನ್ನುವುದು ಎಲ್ಲೂ ಬರೆದಿರಲಿಲ್ಲ, ನನ್ನ ತಲೆಯಲ್ಲಿ ಮಾತ್ರ ಇತ್ತು. ಅದೇ ವಾರ ಇನ್ನೊಂದು ಮರದಿಂದ ತಂದವನ್ನೂ ಹೀಗೇ ವಿಂಗಡಿಸಿದ್ದೆ. ಕೊನೆಗೆ 6 ಪಿನ್ ಯಾವ ಮರದವು ಅಂತ ಗೊತ್ತೇ ಆಗಲಿಲ್ಲ.

ಈಗ ಒಂದು ಗೂಡಿಗೆ ಒಂದೇ ಬಾಟಲಿ. ಮರ, ಜಾಗ, ತಾರೀಖು ಪೆನ್ಸಿಲಲ್ಲಿ ಬರೆದು ಚೀಟಿಯನ್ನು ಮೊದಲು ಒಳಗೆ ಹಾಕುತ್ತೇನೆ, ಪೆನ್ನಿನ ಶಾಯಿ ಆಲ್ಕೋಹಾಲಲ್ಲಿ ಕರಗಿಬಿಡುತ್ತದೆ. ಇರುವೆ ಆಮೇಲೆ. ಆ 6 ಪಿನ್ ಈಗಲೂ ಪೆಟ್ಟಿಗೆಯ ಮೂಲೆಯಲ್ಲಿವೆ, ಹೊಸ ಹುಡುಗರು ಬಂದಾಗ ಮೇಡಂ ಮೊದಲು ತೆಗೆದು ತೋರಿಸುವುದು ಅವನ್ನೇ.