ಮೂಗಿನ ತುದಿಯ ಕೋಪ

ಕ್ರೈಸ್ತರ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದ ಸಂಜೆ ಪೂಜೆಗೆ ಮೈಸೂರಿನ ಫಿಲೋಮಿನಾ ಚರ್ಚಿಗೆ ಹೋಗಿದ್ದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ದೇವಾಲಯ. ಅದರ ಜೋಡಿ ಗೋಪುರ ಕಂಡ ಕೂಡಲೇ ಕೈ ತಾನಾಗಿ ಹಣೆಗೆ ಹೋಗುತ್ತದೆ. ಆದರೆ ಅವತ್ತು ನಾನು ಪಶ್ಚಾತ್ತಾಪಕ್ಕೆಂದು ಹೋದವನಲ್ಲ. ಮಂಡ್ಯದ ಕಡೆ ನಮ್ಮ ಗದ್ದೆಯ ಬದುವನ್ನು ಎರಡು ಗೇಣು ಸರಿಸಿಕೊಂಡ ದಾಯಾದಿ ಅಣ್ಣನಿಗೆ ದೇವರು ಏನಾದರೂ ಮಾಡಲಿ ಎಂದು ಹೋದವನು.

ಕಳೆದ ವರ್ಷದ ಗರಿಗಳ ಭಾನುವಾರದ ಗರಿ ಸುಟ್ಟ ಬೂದಿ ಹಣೆಗೆ ಬೀಳುವ ಮೊದಲು ಬೈಬಲಿನಿಂದ ಪ್ರವಾದಿ ಯೋವೇಲನ ವಾಚನ. ಬಟ್ಟೆಯನ್ನಲ್ಲ, ಎದೆಯನ್ನು ಹರಿದುಕೊಳ್ಳಿ, ದೇವರು ದೀರ್ಘಶಾಂತ. ಈ 'ದೀರ್ಘಶಾಂತ'ಕ್ಕೆ ಹೀಬ್ರೂ ಮೂಲದಲ್ಲಿರುವುದು 'ಉದ್ದ ಮೂಗಿನವನು' ಎಂಬರ್ಥದ ಮಾತು. ಆ ಭಾಷೆಯಲ್ಲಿ ಮೂಗಿಗೂ ಕೋಪಕ್ಕೂ ಒಂದೇ ಪದ. ಮೂಗಿನ ತುದೀಲೇ ಕೋಪ ಅನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇವರಿಗೂ ಕೋಪ ಬರುತ್ತದೆ, ಆದರೆ ತುದಿ ತಲುಪಲು ಬಹಳ ದೂರ. ಇನ್ನು ಹೀಬ್ರೂವಿನಲ್ಲಿ ಕನಿಕರ ಅನ್ನುವ ಪದ ಹುಟ್ಟಿದ್ದು ಗರ್ಭ ಅನ್ನುವ ಪದದ ಬೇರಿನಿಂದ. ನಾವು ಹೆತ್ತ ಕರುಳು ಅನ್ನುವುದಿಲ್ಲವೇ, ಹಾಗೆ.

ಈ ಮಾತು ಮೊದಲು ಬರುವುದು ಬೈಬಲಿನ ಎರಡನೇ ಪುಸ್ತಕವಾದ ವಿಮೋಚನಾಕಾಂಡದಲ್ಲಿ, ಜನ ಚಿನ್ನದ ಕರುವಿಗೆ ಅಡ್ಡಬಿದ್ದು, ಅವರ ನಾಯಕ ಮೋಶೆ ಸಿಟ್ಟಿನಲ್ಲಿ ದೇವರ ಆಜ್ಞೆಗಳಿದ್ದ ಕಲ್ಲಿನ ಹಲಗೆಗಳನ್ನು ಒಡೆದುಹಾಕಿದ ಮೇಲೆ. ಸಾವಿರಾರು ತಲೆಗಳವರೆಗೆ ಕರುಣೆ ಎಂದ ಬಾಯಲ್ಲೇ, ಅಪರಾಧಿಯನ್ನು ಬಿಡೆನು, ಮೂರು ನಾಲ್ಕು ತಲೆಮಾರಿನವರೆಗೂ ವಿಚಾರಿಸುವೆನು ಎಂಬ ಮಾತೂ ಇದೆ. ಅಜ್ಜನ ತಪ್ಪಿಗೆ ಮೊಮ್ಮಗ ಯಾಕೆ ಬೇಯಬೇಕು? ನನಗಂತೂ ಇದು ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ. ಪ್ರವಾದಿ ಯೆಹೆಜ್ಕೇಲನಿಗೂ ಇಳಿಯಲಿಲ್ಲವೇನೋ, ತಂದೆಯ ಪಾಪವನ್ನು ಮಗ ಹೊರುವುದಿಲ್ಲ ಎಂದು ತನ್ನ ಪುಸ್ತಕದ 18ನೇ ಅಧ್ಯಾಯದುದ್ದಕ್ಕೂ ಹೇಳುತ್ತಾನೆ. ಎರಡನೇ ಶತಮಾನದಲ್ಲಿ ಮಾರ್ಸಿಯನ್ ಎಂಬಾತ, ಕೋಪದ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಎಂದು ನಡುವೆ ಬದು ಹಾಕಿಬಿಟ್ಟ. ಕ್ರೈಸ್ತ ಸಭೆ ಒಪ್ಪಲಿಲ್ಲ. ಒಪ್ಪಿದ್ದರೆ, ದೇವಾಲಯದಲ್ಲಿ ವ್ಯಾಪಾರಿಗಳನ್ನು ಓಡಿಸಲು ಚಾಟಿ ಬೀಸಿದ ಯೇಸುವನ್ನು ಯಾವ ಬದಿಗೆ ಸೇರಿಸುವುದು?

ನನ್ನನ್ನು ಹಿಡಿದದ್ದು ಅಸ್ಸೀರಿಯದ ರಾಜಧಾನಿ ನಿನೆವೆ. ಅದೇ 'ದೀರ್ಘಶಾಂತ' ಎಂಬ ಮಾತು ಹಿಡಿದು ಪ್ರವಾದಿ ನಹೂಮ ಆ ಊರಿಗೆ ಶಿಕ್ಷೆ ಸಾರುತ್ತಾನೆ, ಕ್ರಿ.ಪೂ. 612ರಲ್ಲಿ ಊರು ಬಿದ್ದೇಹೋಯಿತು. ಅದಕ್ಕೂ ಹಿಂದಿನ ಕಥೆಯಲ್ಲಿ, ಆ ಊರಿಗೆ ಹೋಗಿ ಎಚ್ಚರಿಸು ಎಂದಾಗ ತಪ್ಪಿಸಿಕೊಂಡು ಓಡಿದ್ದ ಪ್ರವಾದಿ ಯೋನ ಅದೇ ಮಾತನ್ನು ದೇವರ ಮುಖಕ್ಕೇ ದೂರಿನಂತೆ ಎಸೆಯುತ್ತಾನೆ: ನೀನು ಹೀಗೇ ಮಾಡ್ತೀಯ ಅಂತ ಗೊತ್ತಿತ್ತು, ಅದಕ್ಕೇ ನಾನು ಓಡಿಹೋದದ್ದು! ನಲವತ್ತು ದಿನಕ್ಕೆ ಮುಳುಗಬೇಕಿದ್ದ ಊರು ಪಶ್ಚಾತ್ತಾಪದಿಂದ ಗೋಣಿತಟ್ಟು ಉಟ್ಟು ಉಳಿದುಕೊಂಡಿತ್ತು. ಊರು ಏನಾಗುತ್ತೋ ನೋಡೋಣ ಎಂದು ಯೋನ ಹೊರಗೆ ಕೂತ. ಮುಖ ಊದಿಸಿಕೊಂಡು.

ಸ್ವಾಮಿಗಳು ಹೆಬ್ಬೆರಳು ಒತ್ತಿ ಬೂದಿ ಇಟ್ಟರು. ಅಣ್ಣನಿಗೂ ಇವತ್ತು ಅವನ ಊರಿನ ಗುಡಿಯಲ್ಲಿ ಇದೇ ಬೂದಿ.

ಯೋನನ ಪುಸ್ತಕ ಮುಗಿಯುವುದು ದೇವರ ಪ್ರಶ್ನೆಯಿಂದ. ಬಲಗೈ ಎಡಗೈ ತಿಳಿಯದ 1,20,000ಕ್ಕೂ ಹೆಚ್ಚು ಜನ ಇದ್ದಾರೆ, ಎಷ್ಟೋ ದನಕರು ಇವೆ, ನಾನು ಮರುಗಬೇಡವೇ? ಯೋನನ ಉತ್ತರ ಅದರಲ್ಲಿಲ್ಲ.

ಅಣ್ಣನ ಮನೆಯಲ್ಲಿ ಎರಡು ಹಸು, ಒಂದು ಕರು. ಸರಿಸಿದ ಬದುವಿನ ಮೇಲೇ ಮೇಯುತ್ತವೆ.