ಮೊದಲ ಸೆಮಿಸ್ಟರಿನಲ್ಲೇ ಕೇಳುವುದನ್ನು ರೂಢಿಸಿಕೊಳ್ಳಿ

ಪಿಯುಸಿ ಮುಗಿಯುವವರೆಗೆ ನಮ್ಮ ಬೆನ್ನ ಹಿಂದೆ ಯಾರಾದರೂ ಇರುತ್ತಾರೆ. ಹೋಂವರ್ಕ್ ಮಾಡದಿದ್ದರೆ ಮೇಷ್ಟ್ರು ಗದರುತ್ತಾರೆ, ಎರಡು ದಿನ ಕಾಣಿಸದಿದ್ದರೆ ಮನೆಗೆ ಫೋನ್ ಬರುತ್ತದೆ. ಇಂಜಿನಿಯರಿಂಗ್ ಕಾಲೇಜಿಗೆ ಕಾಲಿಟ್ಟ ಮೇಲೆ ಇದು ಬಹುಮಟ್ಟಿಗೆ ನಿಂತುಹೋಗುತ್ತದೆ. ಹಿಂದೆ ಬಿದ್ದವರನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ, ನಾವೇ ಹೋಗಿ ಕೇಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಷ್ಟೋ ಮಕ್ಕಳು ಇಲ್ಲಿ ಎಡವುವುದು ಸಂಕೋಚದಿಂದ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಿಗೆ ಹೊಸದಾಗಿ ಸೇರುತ್ತಿರುವ ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ವಾರವೇ ಕೇಳಬೇಕಾದದ್ದು ನಿಮ್ಮ ಸ್ಕೀಮ್ (ನಿಮ್ಮ ಬ್ಯಾಚಿನ ಪಠ್ಯ ಮತ್ತು ಅಂಕಗಳ ನಿಯಮ) ಯಾವುದು, ಪಾಸಾಗಲು ಎಷ್ಟು ಅಂಕ ಬೇಕು ಎಂಬುದನ್ನು. ಉದಾಹರಣೆಗೆ 2022ರ ಸ್ಕೀಮ್ ನೋಡಿ: ಥಿಯರಿ ವಿಷಯದಲ್ಲಿ ಇಂಟರ್ನಲ್ಸ್‌ಗೆ (ಕಾಲೇಜಿನಲ್ಲೇ ಕೊಡುವ ಅಂಕ) 50, ಸೆಮಿಸ್ಟರ್ ಪರೀಕ್ಷೆಗೆ 50. ಇಂಟರ್ನಲ್ಸ್‌ನಲ್ಲಿ ಕನಿಷ್ಠ 20, ಪರೀಕ್ಷೆಯಲ್ಲಿ ಕನಿಷ್ಠ 18 ಬರಬೇಕು. ಆದರೆ ಎರಡೂ ಸೇರಿ 40 ಆಗಲೇಬೇಕು. 20ಕ್ಕೆ 18 ಕೂಡಿಸಿದರೆ 38, ಅದು ಫೇಲ್! ಈ ಎರಡು ಅಂಕದ ಲೆಕ್ಕ ಫಲಿತಾಂಶದ ದಿನ ಗೊತ್ತಾದರೆ ಏನೂ ಪ್ರಯೋಜನವಿಲ್ಲ. ಸ್ವಾಯತ್ತ ಕಾಲೇಜುಗಳ ನಿಯಮ ಬೇರೆ ಇರಬಹುದು, ನಿಮ್ಮ ಕಾಲೇಜಿನದನ್ನೇ ಕೇಳಿ ಬರೆದಿಟ್ಟುಕೊಳ್ಳಿ.

ಹಾಜರಾತಿ 85 ಪರ್ಸೆಂಟ್ ಬೇಕು. ಸರಿಯಾದ ಕಾರಣವಿದ್ದು ದಾಖಲೆ ಕೊಟ್ಟರೆ 75ರವರೆಗೆ ವಿನಾಯಿತಿ ಸಿಗಬಹುದು, ಆದರೆ ಅದನ್ನು ನಂಬಿಕೊಂಡು ಕೂರಬಾರದು. 40 ತರಗತಿಗಳ ವಿಷಯದಲ್ಲಿ ತಪ್ಪಿಸಬಹುದಾದದ್ದು 6 ಮಾತ್ರ. ಸೀಟು ತಡವಾಗಿ ಸಿಕ್ಕಿಯೋ, ಊರ ಹಬ್ಬಕ್ಕೆ ಹೋಗಿಯೋ ಮೊದಲ 10ರಲ್ಲಿ 4 ಹೋದವು ಎಂದುಕೊಳ್ಳಿ. ಮತ್ತೆ 85ಕ್ಕೆ ಏರಲು ಸತತ 17 ತರಗತಿಗೆ ಹಾಜರಾಗಬೇಕು. ಆ ನಡುವೆ ಒಂದು ಜ್ವರ ಬಂದರೂ ಲೆಕ್ಕ ಇನ್ನಷ್ಟು ಮುಂದಕ್ಕೆ ಹೋಗುತ್ತದೆ. ಕಾಯಿಲೆ ಬಿದ್ದರೆ ಡಾಕ್ಟರ್ ಚೀಟಿಯನ್ನು ಕಾಲೇಜಿಗೆ ಮರಳಿದ ದಿನವೇ ಕೊಡಿ. ಸೆಮಿಸ್ಟರ್ ಕೊನೆಗೆ ಕೊಟ್ಟರೆ ಅದರ ಬೆಲೆ ಕಡಿಮೆ.

ಇನ್ನು ಇಂಗ್ಲಿಷ್. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚಿನವರು ಇಲ್ಲಿ ಹೆದರಿ ಬಾಯಿಪಾಠಕ್ಕೆ ಇಳಿಯುತ್ತಾರೆ. ಬಾಯಿಪಾಠ ಮಾಡಿದ್ದು ಒಂದು ಸಾಲು ಮರೆತರೆ ಇಡೀ ಉತ್ತರವೇ ಕೈಬಿಡುತ್ತದೆ. ಹಾಗಾಗಿ ಕರೆಂಟ್, ಜಂಕ್ಷನ್, ಟಾರ್ಕ್ ಮುಂತಾದ ಪದಗಳನ್ನು ಹಾಗೆಯೇ ಇಟ್ಟುಕೊಂಡು ವಿಷಯವನ್ನು ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ. ಕಿರ್ಚಾಫ್‌ನ ಕರೆಂಟ್ ನಿಯಮವನ್ನೇ ತೆಗೆದುಕೊಳ್ಳಿ. ಜಂಕ್ಷನ್‌ಗೆ 5 ಆಂಪಿಯರ್ ಬರುತ್ತಿದೆ, ಒಂದು ಕವಲಿನಲ್ಲಿ 2 ಹೋಗುತ್ತಿದೆ, ಹಾಗಾದರೆ ಇನ್ನೊಂದರಲ್ಲಿ 3 ಹೋಗಲೇಬೇಕು. ಏಕೆ? ಜಂಕ್ಷನ್‌ನಲ್ಲಿ ಚಾರ್ಜ್ ಗುಡ್ಡೆಯಾಗಿ ನಿಲ್ಲುವುದಿಲ್ಲ. ಇಷ್ಟನ್ನು ರೂಮ್‌ಮೇಟ್‌ಗೆ ಕನ್ನಡದಲ್ಲಿ ಹೇಳಲು ಬಂತೆಂದರೆ ವಿಷಯ ನಿಮ್ಮದಾಯಿತು. ಆಮೇಲೆ ಚಿತ್ರ ಬರೆದು, ಬಾಣದ ಗುರುತು ಹಾಕಿ, ಪುಸ್ತಕ ಮುಚ್ಚಿ ನಾಲ್ಕೇ ಸಾಲು ಇಂಗ್ಲಿಷಿನಲ್ಲಿ ಬರೆಯಿರಿ. ಚಿಕ್ಕ ಚಿಕ್ಕ ವಾಕ್ಯ ಸಾಕು. ಬರೆದದ್ದನ್ನು ಪುಸ್ತಕದ ಜೊತೆ ಹೋಲಿಸಿ ತಪ್ಪನ್ನು ತಿದ್ದಿ. ಈ ಕೊನೆಯ ಹೆಜ್ಜೆಯನ್ನು ಬಿಟ್ಟವರು ಪರೀಕ್ಷೆಯಲ್ಲಿ ಎಲ್ಲ ಗೊತ್ತಿದ್ದೂ ಪೆನ್ನು ಹಿಡಿದು ಸುಮ್ಮನೆ ಕೂರುತ್ತಾರೆ.

ಲೆಕ್ಚರರ್ ಹತ್ತಿರ ಹೋಗುವಾಗ ನೋಟ್‌ಬುಕ್ ತೆರೆದುಕೊಂಡು ಹೋಗಿ. "ಸರ್, ಈ ಚಾಪ್ಟರ್ ಅರ್ಥ ಆಗ್ಲಿಲ್ಲ" ಎಂದರೆ ಅವರಿಗೂ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದು. "ಸರ್, ಇಲ್ಲೀವರೆಗೆ ಬಂತು, ಮೂರನೇ ಸ್ಟೆಪ್ಪಲ್ಲಿ ಮೈನಸ್ ಯಾಕೆ ಬಂತು?" ಎಂದು ಕೇಳಿದರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಕನ್ನಡದಲ್ಲೇ ಕೇಳಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಪರೀಕ್ಷೆಯಲ್ಲಿ 3 ಗಂಟೆ, 5 ಮಾಡ್ಯೂಲ್ (ಪಠ್ಯದ ಭಾಗ), ಪ್ರತಿ ಮಾಡ್ಯೂಲ್‌ನಲ್ಲಿ ಕೊಟ್ಟ ಎರಡರಲ್ಲಿ 20 ಅಂಕದ ಒಂದು ಪೂರ್ಣ ಪ್ರಶ್ನೆ. ಹೀಗೆ 100ಕ್ಕೆ ಬರೆದದ್ದನ್ನು ಆಮೇಲೆ 50ಕ್ಕೆ ಇಳಿಸುತ್ತಾರೆ. ಒಂದು ಪ್ರಶ್ನೆಯ ಎ ಭಾಗ, ಇನ್ನೊಂದರ ಬಿ ಭಾಗ ಎಂದು ಬೆರೆಸಿ ಬರೆದರೆ ಎರಡೂ ಅಂಕಗಳು ಕೂಡುವುದಿಲ್ಲ. ಮೊದಲ ಹತ್ತು ನಿಮಿಷ ಪ್ರಶ್ನೆ ಆರಿಸಲು ಇಟ್ಟರೆ ಒಂದೊಂದಕ್ಕೆ 34 ನಿಮಿಷ ಉಳಿಯುತ್ತದೆ. ಚೆನ್ನಾಗಿ ಬರುವ ಪ್ರಶ್ನೆಗೆ ಒಂದು ಗಂಟೆ ಸುರಿದು ಐದನೆಯದನ್ನು ಮುಟ್ಟದೆ ಬರುವುದು ಮೊದಲ ವರ್ಷದಲ್ಲಿ ಬಹಳ ಸಾಮಾನ್ಯ.

ಸ್ಕಾಲರ್‌ಶಿಪ್ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ ಅರ್ಜಿ ಹಾಕುವ ಮೊದಲು ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಕೈಯಲ್ಲಿರಲಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಹೆಸರು ಒಂದೇ ಇರಲಿ. ಬ್ಯಾಂಕ್ ಖಾತೆಗೆ ಆಧಾರ್ ಕೊಟ್ಟಿದ್ದೇವೆ ಎಂದು ಸುಮ್ಮನಾಗಬೇಡಿ. ಹಣ ಬರುವುದು ಎನ್‌ಪಿಸಿಐ (ಬ್ಯಾಂಕ್‌ಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಸಂಸ್ಥೆ) ಪಟ್ಟಿಯಲ್ಲಿ ನಿಮ್ಮ ಆಧಾರ್‌ಗೆ ಜೋಡಿಸಿದ, ಅಂದರೆ ಮ್ಯಾಪಿಂಗ್ ಅಥವಾ ಸೀಡ್ ಆದ ಖಾತೆಗೆ. "ನನ್ನ ಆಧಾರ್ ಎನ್‌ಪಿಸಿಐಗೆ ಸೀಡ್ ಆಗಿದೆಯಾ?" ಎಂದು ಬ್ಯಾಂಕಿನಲ್ಲಿ ಇದೇ ಮಾತಿನಲ್ಲಿ ಕೇಳಿ.

ಇಷ್ಟೆಲ್ಲ ಮಾಡಿದರೂ ಒಂದೆರಡು ವಿಷಯ ಉಳಿಯಬಹುದು, ಹೆಚ್ಚಾಗಿ ಗಣಿತ. ಆಗ ಮನೆಯಲ್ಲಿ ಮುಚ್ಚಿಡುವುದೇ ದೊಡ್ಡ ಅಪಾಯ. ಮುಚ್ಚಿಟ್ಟವರು ಪರೀಕ್ಷಾ ಶುಲ್ಕಕ್ಕೂ ಸಾಲ ಹುಡುಕುತ್ತಾರೆ, ಸ್ನೇಹಿತರನ್ನು ತಪ್ಪಿಸಿ ಓಡಾಡುತ್ತಾರೆ, ಊಟ ನಿದ್ದೆ ಕೆಡಿಸಿಕೊಳ್ಳುತ್ತಾರೆ. ಫಲಿತಾಂಶ ಬಂದ ದಿನವೇ ಫೋನ್ ಮಾಡಿ: "ಅಪ್ಪಾ, ಒಂದು ಸಬ್ಜೆಕ್ಟ್ ಹೋಗಿದೆ, ಮತ್ತೆ ಬರೀಬಹುದು, ಇಷ್ಟು ಫೀಸ್ ಆಗುತ್ತೆ." ಅಂಕ ತೀರಾ ಅನಿರೀಕ್ಷಿತವಾಗಿದ್ದರೆ ಉತ್ತರ ಪತ್ರಿಕೆಯ ಪ್ರತಿಗೆ ಅರ್ಜಿ ಹಾಕಿ, ಅದನ್ನು ವಿಷಯದ ಲೆಕ್ಚರರ್‌ಗೆ ತೋರಿಸಿ, ಅವರು ಹೇಳಿದರೆ ಮಾತ್ರ ಮರುಮೌಲ್ಯಮಾಪನಕ್ಕೆ ಹಣ ಕಟ್ಟಿ. ಇದಕ್ಕೆ ಸಿಗುವುದು ಕೆಲವೇ ದಿನ, ಕೊನೆಯ ದಿನಾಂಕವನ್ನು ಅಂದೇ ನೋಡಿಕೊಳ್ಳಿ.

ಮನೆಗೂ ಹೇಳಲಾಗದಷ್ಟು ಮನಸ್ಸು ಕುಸಿದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.